ವಿಂಡೋಸ್‌ಗೂ ಲಿನಕ್ಸ್‌ಗೂ ಒಂದೇ ಹೋಮ್ ಫೋಲ್ಡರ್: ಲ್ಯಾಬ್‌ನಲ್ಲಿ ಜೋಡಿಸುವ ಬಗೆ

ಒಂದು ಸಾಲಿನಲ್ಲಿ ವಿಂಡೋಸ್, ಎದುರಿನ ಸಾಲಿನಲ್ಲಿ ಉಬುಂಟು ಎಂಬ ಲಿನಕ್ಸ್ ಇರುವ ಲ್ಯಾಬ್ ಉಡುಪಿ-ಮಂಗಳೂರು ಕಡೆ ಹೊಸತಲ್ಲ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯಿತು. ವಿಂಡೋಸ್ 11 ಹಾಕಲಾಗದ ಹಳೆ ಯಂತ್ರಗಳಿಗೆ ಲಿನಕ್ಸ್ ಹಾಕಿದರೆ ಇನ್ನೂ ನಾಲ್ಕು ವರ್ಷ ಓಡುತ್ತವೆ. ತೊಂದರೆ ಬರುವುದು ಫೈಲ್‌ಗಳದ್ದು. ಬೆಳಗ್ಗೆ ವಿಂಡೋಸ್‌ನಲ್ಲಿ ಕೂತ ವಿದ್ಯಾರ್ಥಿಗೆ ಮಧ್ಯಾಹ್ನ ಲಿನಕ್ಸ್ ಯಂತ್ರ ಸಿಗುತ್ತದೆ, ಅಲ್ಲಿಂದ ಇಲ್ಲಿಗೆ ಪೆನ್‌ಡ್ರೈವ್ ಓಡಾಡುತ್ತದೆ, ಪೆನ್‌ಡ್ರೈವ್ ಜೊತೆಗೆ ಶಾರ್ಟ್‌ಕಟ್ ವೈರಸ್ಸೂ ಓಡಾಡುತ್ತದೆ. ಸರ್ವರ್‌ನಲ್ಲಿ ಒಬ್ಬೊಬ್ಬರಿಗೆ ಒಂದು ಫೋಲ್ಡರ್ ಇಟ್ಟು, ಎಲ್ಲಿ ಕೂತರೂ ಅದೇ ಕಾಣುವಂತೆ ಮಾಡಿದರೆ ಈ ಓಡಾಟ ನಿಲ್ಲುತ್ತದೆ. ಇಲ್ಲಿ ಹೇಳುವ ಕ್ರಮ ಇಪ್ಪತ್ತು-ಇಪ್ಪತ್ತೈದು ಕಂಪ್ಯೂಟರ್‌ಗಳ ಲ್ಯಾಬ್‌ಗೆ ಅಥವಾ ಅಷ್ಟೇ ದೊಡ್ಡ ಆಫೀಸಿಗೆ ಹೊಂದುತ್ತದೆ.

ಇಡೀ ಹೋಮ್ ಬೇಡ, ಕೆಲಸದ ಫೋಲ್ಡರ್ ಸಾಕು

ಹೋಮ್ ಫೋಲ್ಡರ್ ಒಳಗೆ ಎರಡು ಜಾತಿಯ ವಸ್ತುಗಳಿರುತ್ತವೆ. ಒಂದು, ಮನುಷ್ಯರು ಮಾಡಿದ ಕೆಲಸ: ಪತ್ರ, ಲೆಕ್ಕ, ಪ್ರೋಗ್ರಾಮ್, ಫೋಟೊ. ಇನ್ನೊಂದು, ಸಾಫ್ಟ್‌ವೇರ್‌ಗಳು ತಮಗಾಗಿ ಬರೆದುಕೊಂಡದ್ದು: ಬ್ರೌಸರ್ ಪ್ರೊಫೈಲ್, ಕ್ಯಾಶ್, ಡೆಸ್ಕ್‌ಟಾಪ್ ಸೆಟ್ಟಿಂಗ್‌ಗಳು. ವಿಂಡೋಸ್‌ನಲ್ಲಿ ಇದು ಆಪ್‌ಡೇಟಾ ಒಳಗಿರುತ್ತದೆ, ಲಿನಕ್ಸ್‌ನಲ್ಲಿ ಚುಕ್ಕೆಯಿಂದ ಶುರುವಾಗುವ ಹೆಸರುಗಳಲ್ಲಿ. ಎರಡು ವ್ಯವಸ್ಥೆಗಳ ನಡುವೆ ಹಂಚಿಕೊಳ್ಳಬೇಕಾದ್ದು ಮೊದಲನೆಯದನ್ನು ಮಾತ್ರ. ವಿಂಡೋಸ್‌ನ ಆಪ್‌ಡೇಟಾದಿಂದ ಲಿನಕ್ಸ್‌ಗೆ ಕವಡೆಯಷ್ಟೂ ಪ್ರಯೋಜನವಿಲ್ಲ. ಲಿನಕ್ಸ್‌ನ ಇಡೀ ಹೋಮನ್ನು ವಿಂಡೋಸ್ ಮಾದರಿಯ ಶೇರ್ (ನೆಟ್‌ವರ್ಕ್‌ನಲ್ಲಿ ಹಂಚಿದ ಫೋಲ್ಡರ್) ಮೇಲೆ ಕೂರಿಸಿದರೆ ಸಾಕೆಟ್ ಫೈಲ್, ಸಿಂಬಾಲಿಕ್ ಲಿಂಕ್, ಅನುಮತಿ ಬದಲಾವಣೆ ಇವ್ಯಾವುವೂ ಸರಿಯಾಗಿ ನಡೆಯದೆ ಡೆಸ್ಕ್‌ಟಾಪೇ ಲಾಗಿನ್ ಆಗದೆ ಹೋಗಬಹುದು. ಫೈರ್‌ಫಾಕ್ಸ್ ತನ್ನ ಬುಕ್‌ಮಾರ್ಕ್ ಮತ್ತು ಹಿಸ್ಟರಿಯನ್ನು ಎಸ್‌ಕ್ಯೂಲೈಟ್ ಡೇಟಾಬೇಸ್‌ನಲ್ಲಿ ಇಡುತ್ತದೆ. ಅದಕ್ಕೆ ಫೈಲ್ ಲಾಕ್ ನಂಬಿಕಸ್ಥವಾಗಿರಬೇಕು, ನೆಟ್‌ವರ್ಕ್ ಮೇಲೆ ಆ ಭರವಸೆ ಕಡಿಮೆ.

ಆದ್ದರಿಂದ ಲಿನಕ್ಸ್‌ನ ನಿಜವಾದ ಹೋಮ್ ಆಯಾ ಯಂತ್ರದ ಡಿಸ್ಕ್‌ನಲ್ಲೇ ಇರಲಿ. ಅದರೊಳಗೆ ‘ಕೆಲಸ’ ಎಂಬ ಒಂದು ಫೋಲ್ಡರ್ ಮಾಡಿ, ಅಲ್ಲಿಗೆ ಸರ್ವರ್‌ನ ಜಾಗ ಮೌಂಟ್ ಆಗಲಿ, ಅಂದರೆ ಜೋಡಣೆಯಾಗಲಿ. ವಿಂಡೋಸ್‌ನಲ್ಲಿ ಅದೇ ಜಾಗ ಎಚ್ ಡ್ರೈವ್ ಆಗಿ ಕಾಣಲಿ. ರೋಮಿಂಗ್ ಪ್ರೊಫೈಲ್ ಎಂಬ ವಿಂಡೋಸ್ ಸೌಲಭ್ಯದ ಆಸೆಗೆ ಬೀಳಬೇಡಿ. ಅದಕ್ಕೆ ಡೊಮೇನ್, ಅಂದರೆ ಎಲ್ಲ ಖಾತೆಗಳನ್ನೂ ಒಂದೇ ಕಡೆಯಿಂದ ನೋಡಿಕೊಳ್ಳುವ ವ್ಯವಸ್ಥೆ ಬೇಕು, ಜೊತೆಗೆ ಲಾಗಿನ್ ಮತ್ತು ಲಾಗೌಟ್ ಹೊತ್ತಿಗೆ ಪ್ರೊಫೈಲ್ ಅತ್ತಿಂದಿತ್ತ ನಕಲಾಗುತ್ತದೆ. ಗಂಟೆ ಹೊಡೆದಾಗ ಇಪ್ಪತ್ತು ಮಂದಿ ಒಟ್ಟಿಗೆ ಲಾಗಿನ್ ಆಗುವ ಲ್ಯಾಬ್‌ಗೆ ಅದು ಹೇಳಿದ್ದಲ್ಲ.

ಸರ್ವರ್

ಹೊಸ ಸರ್ವರ್ ಕೊಳ್ಳಬೇಕಾಗಿಲ್ಲ. 8 ಜಿಬಿ ರ್‍ಯಾಮ್ ಇರುವ ಹಳೆ ಡೆಸ್ಕ್‌ಟಾಪ್, ಅದಕ್ಕೆ 1 ಟಿಬಿಯ ಎರಡು ಡಿಸ್ಕ್ ಸೇರಿಸಿ ರೇಯ್ಡ್ 1 (ಎರಡರಲ್ಲೂ ಒಂದೇ ನಕಲು) ಮಾಡಿದರೆ ಸಾಕು. ತಲೆಗೆ 10 ಜಿಬಿ ಎಂದರೂ ಇಪ್ಪತ್ತೈದು ಮಂದಿಗೆ 250 ಜಿಬಿ. ಇದಕ್ಕಿಂತ ಮುಖ್ಯ ನೆಟ್‌ವರ್ಕ್. 100 ಎಂಬಿಪಿಎಸ್ ಸ್ವಿಚ್‌ನಲ್ಲಿ ಸೆಕೆಂಡಿಗೆ ಹೆಚ್ಚೆಂದರೆ 11 ಎಂಬಿ ಹರಿಯುತ್ತದೆ, ಗಿಗಾಬಿಟ್‌ನಲ್ಲಿ 110 ಎಂಬಿ ಆಸುಪಾಸು. ಗಿಗಾಬಿಟ್‌ಗೆ ಕೇಬಲ್‌ನ ಎಂಟೂ ತಂತಿಗಳು ಬೇಕು. ಹಲವು ಸಲ ಒಂದು ಜೋಡಿ ಕೈಕೊಟ್ಟರೂ ಸಂಪರ್ಕ ತಪ್ಪುವುದಿಲ್ಲ, ಸದ್ದಿಲ್ಲದೆ 100ಕ್ಕೆ ಇಳಿಯುತ್ತದೆ. ಕರಾವಳಿಯ ಉಪ್ಪುಗಾಳಿಗೆ, ಮಳೆಗಾಲದ ಆಟಿ ತಿಂಗಳ ಶೀತಕ್ಕೆ ಅಗ್ಗದ ಕನೆಕ್ಟರ್‌ಗಳ ತಾಮ್ರ ಹಸಿರುಗಟ್ಟುವುದು ಇಲ್ಲಿ ಮಾಮೂಲಿ. ‘ಒಂದೇ ಯಂತ್ರ ನಿಧಾನ’ ಎಂಬ ದೂರು ಬಂದಾಗ ಸರ್ವರ್ ಸೆಟ್ಟಿಂಗ್ ಬಿಚ್ಚುವ ಮೊದಲು ಆ ಯಂತ್ರದ ಲಿಂಕ್ ಸ್ಪೀಡ್ ನೋಡಿ: ಲಿನಕ್ಸ್‌ನಲ್ಲಿ ಈಥ್‌ಟೂಲ್, ವಿಂಡೋಸ್‌ನಲ್ಲಿ ಅಡಾಪ್ಟರ್ ಸ್ಟೇಟಸ್. 100 ಎಂದಿದ್ದರೆ ಎರಡೂ ತುದಿಗೆ ಹೊಸ ಕನೆಕ್ಟರ್ ಕ್ರಿಂಪ್ ಮಾಡಿ.

ಸರ್ವರ್‌ಗೆ ಉಬುಂಟು ಅಥವಾ ಡೆಬಿಯನ್ ಹಾಕಿ, ಐಪಿ ವಿಳಾಸ ಬದಲಾಗದಂತೆ ಕಟ್ಟಿ, ಸಾಂಬಾ ಇನ್‌ಸ್ಟಾಲ್ ಮಾಡಿ. ಸಾಂಬಾ 1992ರಲ್ಲಿ ಆಸ್ಟ್ರೇಲಿಯಾದ ಆ್ಯಂಡ್ರ್ಯೂ ಟ್ರಿಜೆಲ್ ಶುರುಮಾಡಿದ ತಂತ್ರಾಂಶ. ವಿಂಡೋಸ್ ಫೈಲ್ ಹಂಚಲು ಬಳಸುವ ಎಸ್‌ಎಂಬಿ ಭಾಷೆಯನ್ನು ಅದು ಲಿನಕ್ಸ್ ಕಡೆಯಿಂದ ಮಾತಾಡುತ್ತದೆ. ಡೇಟಾಗೆ ಬೇರೆಯೇ ಪಾರ್ಟಿಶನ್ ಇರಲಿ, ಎಕ್ಸ್‌ಟಿ4 ಸಾಕು, ಯೂಸರ್ ಕೋಟಾ (ಒಬ್ಬೊಬ್ಬರಿಗೆ ಇಷ್ಟೇ ಜಾಗ ಎಂಬ ಮಿತಿ) ಆನ್ ಮಾಡಿ ಮೌಂಟ್ ಮಾಡಿ. ಕೋಟಾ ಇಲ್ಲದಿದ್ದರೆ ಒಬ್ಬ ವಿದ್ಯಾರ್ಥಿಯ ಸಿನಿಮಾ ಸಂಗ್ರಹದಿಂದ ಉಳಿದವರೆಲ್ಲರ ‘ಸೇವ್’ ಸೋಲುತ್ತದೆ. ಕೋಟಾ ಇದ್ದಾಗ ಸಾಂಬಾ ಅದನ್ನೇ ಡ್ರೈವ್‌ನ ಗಾತ್ರವಾಗಿ ವಿಂಡೋಸ್‌ಗೆ ತೋರಿಸುತ್ತದೆ, ಎಷ್ಟು ಜಾಗ ಉಳಿದಿದೆ ಎಂದು ಅವರವರಿಗೇ ಕಾಣುತ್ತದೆ.

ಈಗ ಬಳಕೆದಾರರು. ಸಾಂಬಾ ಬಳಕೆದಾರ ಮೊದಲು ಸರ್ವರ್‌ನ ಲಿನಕ್ಸ್ ಬಳಕೆದಾರನಾಗಿರಬೇಕು. ಫೈಲ್ ಹಂಚಿಕೆಗೆ ಮಾತ್ರ ಬೇಕಾದವರಿಗೆ ಶೆಲ್ ಜಾಗದಲ್ಲಿ ನೋಲಾಗಿನ್ ಕೊಡಿ, ಅವರು ಸರ್ವರ್‌ನೊಳಗೆ ಕಮಾಂಡ್ ಓಡಿಸುವ ಅಗತ್ಯವಿಲ್ಲ. ಆಮೇಲೆ ಎಸ್‌ಎಂಬಿಪಾಸ್‌ಡಬ್ಲ್ಯೂಡಿ ಕಮಾಂಡ್‌ಗೆ ‘-ಎ’ ಸೇರಿಸಿ ಅದೇ ಹೆಸರಿಗೆ ಸಾಂಬಾ ಪಾಸ್‌ವರ್ಡ್ ಕೊಡಿ. ಎರಡು ಪಾಸ್‌ವರ್ಡ್ ಯಾಕೆಂದರೆ ವಿಂಡೋಸ್ ಕಳುಹಿಸುವುದು ತನ್ನದೇ ಬಗೆಯ ಹ್ಯಾಶ್ ಆಧಾರಿತ ಉತ್ತರ. ಅದನ್ನು ಲಿನಕ್ಸ್‌ನ ಪಾಸ್‌ವರ್ಡ್ ಪಟ್ಟಿಯಾದ ಶ್ಯಾಡೋ ಫೈಲ್ ಜೊತೆ ತಾಳೆ ನೋಡಲು ಬರುವುದಿಲ್ಲ, ಸಾಂಬಾ ತನ್ನ ಪಟ್ಟಿಯನ್ನು ಬೇರೆಯೇ ಇಟ್ಟುಕೊಳ್ಳುತ್ತದೆ. ಲಿನಕ್ಸ್ ಪಾಸ್‌ವರ್ಡ್ ಮಾತ್ರ ಬದಲಿಸಿ ‘ವಿಂಡೋಸ್‌ನಲ್ಲಿ ಹಳೆಯದೇ ಕೇಳುತ್ತದೆ’ ಎನ್ನುವವರಿಗೆ ಕಾರಣ ಇದೇ.

ಪ್ರತಿಯೊಬ್ಬರ ಫೋಲ್ಡರನ್ನು ಡೇಟಾ ಪಾರ್ಟಿಶನ್‌ನಲ್ಲಿ ಅವರವರ ಲಾಗಿನ್ ಹೆಸರಿನಲ್ಲೇ ಮಾಡಿ, ಒಡೆತನ ಅವರಿಗೆ ಕೊಟ್ಟು, ಅನುಮತಿ 0700 (ಒಡೆಯರಿಗೆ ಮಾತ್ರ) ಇಡಿ. ಈ ಫೋಲ್ಡರ್‌ಗಳನ್ನು ಸಾಂಬಾ ತಾನಾಗಿ ಮಾಡುವುದಿಲ್ಲ. ಫೋಲ್ಡರ್ ಇಲ್ಲದಿದ್ದರೆ ಪಾಸ್‌ವರ್ಡ್ ಸರಿಯಿದ್ದರೂ ಶೇರ್ ತೆರೆಯುವುದಿಲ್ಲ, ನೀವು ಪಾಸ್‌ವರ್ಡ್ ಮೇಲೆ ಸಂಶಯಪಡುತ್ತ ಕೂರುತ್ತೀರಿ.

ಸಾಂಬಾ ಸೆಟ್ಟಿಂಗ್ ಫೈಲ್‌ನಲ್ಲಿ ಹೋಮ್ಸ್ ಎಂಬ ವಿಶೇಷ ವಿಭಾಗ ಉಂಟು. ಉಬುಂಟುವಿನಲ್ಲಿ ಅದರ ಸಾಲುಗಳ ಮುಂದೆ ಅರ್ಧವಿರಾಮ ಚಿಹ್ನೆ ಹಾಕಿ ಮಲಗಿಸಿರುತ್ತಾರೆ, ಅದನ್ನು ತೆಗೆಯಿರಿ. ಈ ವಿಭಾಗವಿದ್ದರೆ ಇಪ್ಪತ್ತೈದು ಶೇರ್ ಬರೆಯಬೇಕಿಲ್ಲ. ಶ್ವೇತಾ ಲಾಗಿನ್ ಆದರೆ ಶ್ವೇತಾ ಎಂಬ ಶೇರ್ ಆ ಕ್ಷಣಕ್ಕೆ ಹುಟ್ಟುತ್ತದೆ. ಒಳಗೆ ಐದಾರು ಸಾಲು ಸಾಕು. ಪಾತ್: ಡೇಟಾ ಫೋಲ್ಡರ್‌ನ ದಾರಿ, ಕೊನೆಗೆ %ಎಸ್ (ಅಲ್ಲಿ ಶೇರ್ ಹೆಸರು ಬಂದು ಕೂರುತ್ತದೆ), ದೊಡ್ಡಕ್ಷರದ ಎಸ್. ಬ್ರೌಸಬಲ್: ನೋ. ರೀಡ್ ಓನ್ಲಿ: ನೋ, ಯಾಕೆಂದರೆ ಬರೆಯದೆ ಬಿಟ್ಟರೆ ‘ಓದು ಮಾತ್ರ’ ಎಂದೇ ಲೆಕ್ಕ. ಕ್ರಿಯೇಟ್ ಮಾಸ್ಕ್ 0600, ಡೈರೆಕ್ಟರಿ ಮಾಸ್ಕ್ 0700. ಎಲ್ಲಕ್ಕಿಂತ ಮುಖ್ಯ, ವ್ಯಾಲಿಡ್ ಯೂಸರ್ಸ್: %ಎಸ್. ಈ ಕೊನೆಯ ಸಾಲು ಬಿಟ್ಟರೆ ಲಾಗಿನ್ ಆದ ಯಾರು ಬೇಕಾದರೂ ಪಕ್ಕದವರ ಹೆಸರಿನ ಶೇರ್ ಬಾಗಿಲು ತಟ್ಟಬಹುದು, ಆಗ ಫೈಲ್ ಅನುಮತಿಯೊಂದೇ ತಡೆ. ಮುಂದೆ ಡೊಮೇನ್‌ಗೆ ಸೇರಿಸಿದರೆ ಇಲ್ಲಿ ಬರೀ %ಎಸ್ ಸಾಲದು. ಹೆಸರಿನ ಹಿಂದೆ ಡೊಮೇನ್ ಅಂಟಿಕೊಂಡು ಬರುವುದರಿಂದ %ಡಿ, %ಡಬ್ಲ್ಯು, %ಎಸ್ ಮೂರನ್ನೂ ಅಂತರವಿಲ್ಲದೆ ಬರೆಯಬೇಕು. ಮಧ್ಯದ ಡಬ್ಲ್ಯು ಮಾತ್ರ ಸಣ್ಣಕ್ಷರ.

ಟೆಸ್ಟ್‌ಪಾರ್ಮ್ ಎಂಬ ಕಮಾಂಡ್ ಓಡಿಸಿ ಸೆಟ್ಟಿಂಗ್ ಫೈಲ್‌ನಲ್ಲಿ ತಪ್ಪಿಲ್ಲವೆಂದು ಖಾತ್ರಿಪಡಿಸಿಕೊಂಡು ಸಾಂಬಾ ರೀಸ್ಟಾರ್ಟ್ ಮಾಡಿ. ಫೈರ್‌ವಾಲ್‌ನಲ್ಲಿ ಎಸ್‌ಎಂಬಿಯ ಪೋರ್ಟ್ ಟಿಸಿಪಿ 445ನ್ನು ಲ್ಯಾಬ್ ನೆಟ್‌ವರ್ಕ್‌ಗೆ ಮಾತ್ರ ತೆರೆಯಿರಿ. ಬ್ರಾಡ್‌ಬ್ಯಾಂಡ್ ರೌಟರ್‌ನಲ್ಲಿ ಈ ಪೋರ್ಟನ್ನು ಹೊರಜಗತ್ತಿಗೆ ಫಾರ್ವರ್ಡ್ ಮಾಡುವ ಯೋಚನೆಯೇ ಬೇಡ. ಫೆಡೋರಾ ಜಾತಿಯ ಸರ್ವರ್ ಆದರೆ ಎಸ್‌ಇಲಿನಕ್ಸ್ ಎಂಬ ಭದ್ರತಾ ಕಾವಲು ಅಡ್ಡ ಬರುತ್ತದೆ, ಹೋಮ್ ಬಿಟ್ಟು ಬೇರೆ ಕಡೆ ಇಟ್ಟ ಫೋಲ್ಡರ್‌ಗೆ ಸಾಂಬಾ ಶೇರ್ ಎಂಬ ಲೇಬಲ್ ಅಂಟಿಸಬೇಕು.

ವಿಂಡೋಸ್ ಕಡೆ

ಎಕ್ಸ್‌ಪ್ಲೋರರ್‌ನ ‘ನೆಟ್‌ವರ್ಕ್’ ಒಳಗೆ ಸರ್ವರ್ ಕಾಣದಿದ್ದರೆ ಗಾಬರಿ ಬೇಡ. ಹಿಂದೆ ಹಾಗೆ ಕಾಣುತ್ತಿದ್ದದ್ದು ಎಸ್‌ಎಂಬಿ 1ರ ಜೊತೆ ಬರುತ್ತಿದ್ದ ಹಳೆ ವ್ಯವಸ್ಥೆಯಿಂದ. 2017ರ ಮೇ ತಿಂಗಳಲ್ಲಿ ವಾನ್ನಾಕ್ರೈ ಎಂಬ ಹಣ ಸುಲಿಯುವ ವೈರಸ್ ಹಬ್ಬಿದ್ದು ಅದೇ ಎಸ್‌ಎಂಬಿ 1ರ ಬಿರುಕಿನಿಂದ. ಆ ವರ್ಷದ ಕೊನೆಯ ವಿಂಡೋಸ್ 10 ಆವೃತ್ತಿಯಿಂದ ಅದು ತಾನಾಗಿ ಇನ್‌ಸ್ಟಾಲ್ ಆಗುವುದು ನಿಂತಿತು, ಸಾಂಬಾ ಕೂಡ 2019ರ 4.11ರಿಂದ ಮುಚ್ಚಿತು. ‘ಎಸ್‌ಎಂಬಿ 1 ಆನ್ ಮಾಡಿದರೆ ಸರಿಯಾಗುತ್ತದೆ’ ಎಂಬ ಸಲಹೆ ಈಗಲೂ ಓಡಾಡುತ್ತಿದೆ, ಕೇಳಬೇಡಿ. ಐಕಾನ್ ಕಾಣಲೇಬೇಕಿದ್ದರೆ ಸರ್ವರ್‌ನಲ್ಲಿ ಡಬ್ಲ್ಯುಎಸ್‌ಡಿಡಿ ಎಂಬ ಸಣ್ಣ ಸೇವೆ ಹಾಕಿ. ಇಲ್ಲದಿದ್ದರೆ ವಿಳಾಸ ಪಟ್ಟಿಯಲ್ಲಿ ಎರಡು ಹಿಂಗೆರೆ (\ ಚಿಹ್ನೆ), ಸರ್ವರ್‌ನ ಐಪಿ, ಒಂದು ಹಿಂಗೆರೆ, ಬಳಕೆದಾರರ ಹೆಸರು. ಇಷ್ಟು ಟೈಪ್ ಮಾಡಿದರೆ ಫೋಲ್ಡರ್ ತೆರೆಯುತ್ತದೆ. ಅದನ್ನೇ ‘ಮ್ಯಾಪ್ ನೆಟ್‌ವರ್ಕ್ ಡ್ರೈವ್’ನಲ್ಲಿ ಎಚ್‌ಗೆ ಕಟ್ಟಿ.

ಲಾಗಿನ್ ಕೇಳುವಾಗ ಆಗುವ ಎಡವಟ್ಟು ಎರಡು. ವಿಂಡೋಸ್ 11ರ ಪಿನ್ ಇಲ್ಲಿ ಕೆಲಸ ಮಾಡುವುದಿಲ್ಲ, ಮೈಕ್ರೋಸಾಫ್ಟ್ ಖಾತೆಯ ಪಾಸ್‌ವರ್ಡೂ ಅಲ್ಲ. ಬೇಕಾದ್ದು ಸಾಂಬಾ ಪಾಸ್‌ವರ್ಡ್. ಎರಡನೆಯದು, ವಿಂಡೋಸ್ ತನ್ನ ಯಂತ್ರದ ಹೆಸರನ್ನು ಮುಂದೆ ಸೇರಿಸಿ ಕಳುಹಿಸುವುದು. ಒಪ್ಪದಿದ್ದರೆ ಸರ್ವರ್ ಹೆಸರು, ಹಿಂಗೆರೆ, ಬಳಕೆದಾರ ಎಂದು ಪೂರ್ತಿ ಬರೆಯಿರಿ. ಎಲ್ಲರೂ ಒಂದೇ ವಿಂಡೋಸ್ ಖಾತೆಯಲ್ಲಿ ಕೂರುವ ಲ್ಯಾಬ್‌ನಲ್ಲಿ ‘ರಿಮೆಂಬರ್ ಮೈ ಕ್ರೆಡೆನ್ಶಿಯಲ್ಸ್’ಗೆ ಟಿಕ್ ಹಾಕಲೇಬಾರದು. ಹಾಕಿದರೆ ಮುಂದಿನ ಪೀರಿಯಡ್‌ನವರಿಗೆ ಹಿಂದಿನವರ ಫೋಲ್ಡರ್ ತೆರೆದಿರುತ್ತದೆ. ಹಾಕದಿದ್ದರೂ, ಲಾಗೌಟ್ ಆಗದೆ ಎದ್ದುಹೋದರೆ ಸಂಪರ್ಕ ಜೀವಂತವಾಗಿಯೇ ಇರುತ್ತದೆ. ಆಗ ಎರಡನೆಯವರು ಬೇರೆ ಹೆಸರಿನಿಂದ ಪ್ರಯತ್ನಿಸಿದರೆ ಬರುವುದೇ ದೋಷ 1219: ಒಂದೇ ಸರ್ವರ್‌ಗೆ ಒಂದೇ ಸೆಶನ್‌ನಿಂದ ಎರಡು ಹೆಸರಿನಲ್ಲಿ ಹೋಗಲು ವಿಂಡೋಸ್ ಬಿಡುವುದಿಲ್ಲ. ಡೆಸ್ಕ್‌ಟಾಪ್ ಮೇಲೆ ಒಂದು ಬ್ಯಾಚ್ ಫೈಲ್ ಇಟ್ಟು, ಅದರಲ್ಲಿ ‘ನೆಟ್ ಯೂಸ್’ ಮೂಲಕ ಹಳೆ ಸಂಪರ್ಕ ಎಲ್ಲವನ್ನೂ ಅಳಿಸಿ ಹೊಸ ಹೆಸರು ಕೇಳುವಂತೆ ಮಾಡಿದರೆ ದಿನಾ ಬರುವ ಅರ್ಧ ದೂರು ನಿಂತುಹೋಗುತ್ತದೆ.

ಒಬ್ಬರೇ ಬಳಸುವ ಆಫೀಸ್ ಯಂತ್ರವಾದರೆ ಡಾಕ್ಯುಮೆಂಟ್ಸ್ ಫೋಲ್ಡರನ್ನೇ ಅಲ್ಲಿಗೆ ತಿರುಗಿಸಬಹುದು: ಪ್ರಾಪರ್ಟೀಸ್, ಲೊಕೇಶನ್ ಟ್ಯಾಬ್, ಸರ್ವರ್ ದಾರಿ. ಒನ್‌ಡ್ರೈವ್ ಆ ಫೋಲ್ಡರನ್ನು ಮೊದಲೇ ಬ್ಯಾಕಪ್‌ಗೆ ಹಿಡಿದುಕೊಂಡಿದ್ದರೆ ಅಲ್ಲಿ ಬಿಡಿಸಿ ಆಮೇಲೆ ತಿರುಗಿಸಿ, ಇಲ್ಲದಿದ್ದರೆ ಎರಡೂ ಕಡೆ ಅರ್ಧರ್ಧ ಉಳಿಯುತ್ತದೆ.

ವಿಂಡೋಸ್ 11ರ 24ಎಚ್2 ಪ್ರೊ ಆವೃತ್ತಿಯಿಂದ ಎಸ್‌ಎಂಬಿ ಸೈನಿಂಗ್ (ಪ್ರತಿ ಸಂದೇಶಕ್ಕೂ ಸಹಿ) ಕಡ್ಡಾಯ, ಅತಿಥಿ ಪ್ರವೇಶವೂ ಬಂದ್. ಪಾಸ್‌ವರ್ಡ್ ಇಲ್ಲದ ‘ಎಲ್ಲರಿಗೂ ತೆರೆದ’ ಶೇರ್ ಮೇಲೆ ನಡೆಯುತ್ತಿದ್ದ ಆಫೀಸುಗಳಲ್ಲಿ ಅಪ್‌ಡೇಟ್ ಆದ ಮಾರನೇ ದಿನ ಏನೂ ತೆರೆಯದಿರುವುದು ಇದರಿಂದ. ಮೇಲೆ ಹೇಳಿದ ಕ್ರಮದಲ್ಲಿ ಪ್ರತಿಯೊಬ್ಬರಿಗೂ ಪಾಸ್‌ವರ್ಡ್ ಇರುವುದರಿಂದ ಈ ತೊಂದರೆ ಇಲ್ಲ.

ಲಿನಕ್ಸ್ ಕಡೆ

ಲಿನಕ್ಸ್‌ಗಳ ನಡುವೆ ಫೈಲ್ ಹಂಚುವ ಎನ್‌ಎಫ್‌ಎಸ್ ಬಳಸಬೇಕೆಂದು ಲಿನಕ್ಸ್ ಬಲ್ಲವರಿಗೆ ಅನಿಸುವುದು ಸಹಜ. ಆದರೆ ಅದೇ ಫೈಲ್‌ಗಳು ವಿಂಡೋಸ್‌ಗೆ ಸಾಂಬಾದಿಂದ, ಲಿನಕ್ಸ್‌ಗೆ ಎನ್‌ಎಫ್‌ಎಸ್‌ನಿಂದ ಹೋದರೆ ಇಬ್ಬರು ಕಾವಲುಗಾರರು ಆಗುತ್ತಾರೆ. ವಿಂಡೋಸ್ ಒಂದು ಫೈಲನ್ನು ತನ್ನ ಬಳಿ ಕ್ಯಾಶ್ ಮಾಡಿಟ್ಟಿರುವಾಗ ಎನ್‌ಎಫ್‌ಎಸ್ ಬದಿಯಿಂದ ಅದು ಬದಲಾದರೆ ಸಾಂಬಾಗೆ ಸುದ್ದಿಯೇ ಸಿಗುವುದಿಲ್ಲ. ಕರ್ನೆಲ್ ಆಪ್‌ಲಾಕ್ಸ್ ಎಂಬ ಸಾಂಬಾ ಸೆಟ್ಟಿಂಗ್ ಆನ್ ಮಾಡಿದರೆ ತಿಳಿಯುತ್ತದೆ, ಬದಲಿಗೆ ವೇಗ ಸ್ವಲ್ಪ ಹೋಗುತ್ತದೆ. ಇನ್ನೊಂದು, ಸಾಮಾನ್ಯ ಎನ್‌ಎಫ್‌ಎಸ್ ನಂಬುವುದು ಯುಐಡಿ ಎಂಬ ಬಳಕೆದಾರರ ಸಂಖ್ಯೆಯನ್ನು. ತನ್ನ ಲ್ಯಾಪ್‌ಟಾಪ್‌ನಲ್ಲಿ ರೂಟ್ (ಪೂರ್ಣಾಧಿಕಾರಿ) ಆಗಿರುವ ಹುಡುಗ ಬೇರೆಯವರ ಸಂಖ್ಯೆ ಹಾಕಿಕೊಂಡು ಒಳಗೆ ಬರಬಹುದು. ಹೀಗಾಗಿ ಮಿಶ್ರ ಲ್ಯಾಬ್‌ಗೆ ಎರಡೂ ಕಡೆ ಸಾಂಬಾ ಎಂಬುದೇ ನಮ್ಮ ಸಲಹೆ.

ಪ್ರತಿ ಲಿನಕ್ಸ್ ಯಂತ್ರದಲ್ಲಿ ಸಿಐಎಫ್‌ಎಸ್-ಯುಟಿಲ್ಸ್ ಮತ್ತು ಪ್ಯಾಮ್-ಮೌಂಟ್ ಹಾಕಿ. ಲಾಗಿನ್ ಹೊತ್ತಿಗೆ ಟೈಪ್ ಮಾಡಿದ ಪಾಸ್‌ವರ್ಡನ್ನೇ ಬಳಸಿ ಶೇರ್ ಮೌಂಟ್ ಮಾಡುವುದು ಪ್ಯಾಮ್-ಮೌಂಟ್‌ನ ಕೆಲಸ. ಹಾಗಾಗಿ ಯಂತ್ರದ ಪಾಸ್‌ವರ್ಡ್ ಮತ್ತು ಸಾಂಬಾ ಪಾಸ್‌ವರ್ಡ್ ಒಂದೇ ಇರಬೇಕು. ಅದರ ಸೆಟ್ಟಿಂಗ್ ಫೈಲ್‌ನಲ್ಲಿ ಒಂದು ವಾಲ್ಯೂಮ್ ಸಾಲು ಸೇರಿಸಿ: ಬಗೆ ಸಿಐಎಫ್‌ಎಸ್, ಸರ್ವರ್ ಐಪಿ, ದಾರಿಯ ಜಾಗದಲ್ಲಿ ಬಳಕೆದಾರರ ಹೆಸರಿನ ಚರಾಕ್ಷರ, ಮೌಂಟ್ ಆಗಬೇಕಾದ ಜಾಗ ಹೋಮ್‌ನೊಳಗಿನ ‘ಕೆಲಸ’. ಆಯ್ಕೆಗಳಲ್ಲಿ ಆವೃತ್ತಿ 3.0, ಫೈಲ್ ಮೋಡ್ 0600, ಡೈರೆಕ್ಟರಿ ಮೋಡ್ 0700, ನೋಸೂಯಿಡ್, ನೋಡೆವ್ ಇರಲಿ. ಲಾಗೌಟ್ ಆದರೂ ಹಿನ್ನೆಲೆಯಲ್ಲಿ ಯಾವುದೋ ಪ್ರೋಗ್ರಾಮ್ ಫೋಲ್ಡರ್ ಹಿಡಿದುಕೊಂಡಿದ್ದರೆ ಅನ್‌ಮೌಂಟ್ ಆಗುವುದಿಲ್ಲ. ಅದೇ ಫೈಲ್‌ನ ಲಾಗೌಟ್ ಸಾಲಿನಲ್ಲಿ ಸ್ವಲ್ಪ ಕಾದು ಟರ್ಮ್ (‘ನಿಲ್ಲು’ ಎನ್ನುವ) ಸಂಕೇತ ಕಳುಹಿಸುವಂತೆ ಬದಲಿಸಿ.

ಮೌಂಟ್ ಸೋತಾಗ ಬರುವ ಸಂಖ್ಯೆ ಓದಿದರೆ ಅರ್ಧ ಕೆಲಸ ಆದಂತೆ. 13 ಎಂದರೆ ಹೆಸರು, ಪಾಸ್‌ವರ್ಡ್ ಅಥವಾ ವ್ಯಾಲಿಡ್ ಯೂಸರ್ಸ್ ಸಾಲು. 2 ಎಂದರೆ ಶೇರ್ ಹೆಸರು ತಪ್ಪು ಅಥವಾ ಫೋಲ್ಡರೇ ಇಲ್ಲ. 112 ‘ಹೋಸ್ಟ್ ಡೌನ್’ ಎನ್ನುತ್ತದೆ, ಪಿಂಗ್ ಮಾಡಿದರೆ ಸರ್ವರ್ ಚೆನ್ನಾಗಿಯೇ ಇರುತ್ತದೆ. ಎಸ್‌ಎಂಬಿ ಆವೃತ್ತಿ ಹೊಂದಿಕೆಯಾಗದಾಗಲೂ ಅದು ಹೇಳುವುದು ಇದನ್ನೇ. 79 ಬಂದರೆ ಯುಟಿಎಫ್-8 ಅಕ್ಷರಪಟ್ಟಿಯ ಕರ್ನೆಲ್ ಮಾಡ್ಯೂಲ್ ಇಲ್ಲ ಎಂದು ಸಂಶಯಪಡಿ, ಉಬುಂಟುವಿನಲ್ಲಿ ಹೆಚ್ಚುವರಿ ಮಾಡ್ಯೂಲ್‌ಗಳ ಪ್ಯಾಕೇಜ್ ಹಾಕಿದರೆ ಸರಿಹೋಗುತ್ತದೆ.

ಕನ್ನಡದ ಫೈಲ್ ಹೆಸರುಗಳು

ಇಂಗ್ಲಿಷ್ ಕೈಪಿಡಿಗಳಲ್ಲಿ ಸಿಗದ ತೊಡಕು ಇದು. ಎಕ್ಸ್‌ಟಿ4ನಲ್ಲಿ ಒಂದು ಹೆಸರಿಗೆ 255 ಬೈಟ್ ಮಿತಿ. ಕನ್ನಡದ ಒಂದೊಂದು ಯೂನಿಕೋಡ್ ಸಂಕೇತಕ್ಕೆ ಯುಟಿಎಫ್-8ನಲ್ಲಿ 3 ಬೈಟ್ ಬೇಕು, ಅಂದರೆ 85 ಸಂಕೇತಕ್ಕೆ ಮುಗಿಯಿತು. ಒತ್ತಕ್ಷರ, ಕಾಗುಣಿತ, ಅನುಸ್ವಾರ ಎಲ್ಲವೂ ಬೇರೆ ಬೇರೆ ಲೆಕ್ಕ. ‘ಸ್ವಾತಂತ್ರ್ಯೋತ್ಸವ’ ಕಣ್ಣಿಗೆ ಐದೇ ಅಕ್ಷರ, ಒಳಗೆ 16 ಸಂಕೇತ, ಡಿಸ್ಕ್ ಮೇಲೆ 48 ಬೈಟ್. ವಿಂಡೋಸ್‌ನ ಎನ್‌ಟಿಎಫ್‌ಎಸ್ ಬೈಟ್ ಲೆಕ್ಕ ಹಿಡಿಯುವುದಿಲ್ಲ, 255 ಸಂಕೇತಗಳವರೆಗೆ ಬಿಡುತ್ತದೆ. ‘ಶಾಲಾ ವಾರ್ಷಿಕೋತ್ಸವದ ಸ್ವಾಗತ ಸಮಿತಿ ಸಭೆಯ ನಡಾವಳಿ’ ಎಂಬಂಥ ಉದ್ದುದ್ದ ಹೆಸರಿನ ಹಿಂದೆ ಇನ್ನೂ ಏಳೆಂಟು ಪದ, ತಾರೀಕು ಸೇರಿ 255 ಬೈಟ್ ದಾಟಿದರೆ ಸಿ ಡ್ರೈವ್‌ನಲ್ಲಿ ಸೇವ್ ಆದದ್ದು ಎಚ್‌ಗೆ ನಕಲಾಗುವುದಿಲ್ಲ. ಹೆಸರು ಇಪ್ಪತ್ತೈದು ಅಕ್ಷರದೊಳಗೆ ಇರಲಿ ಎಂದು ಲ್ಯಾಬ್ ಗೋಡೆ ಮೇಲೆ ಬರೆದು ಅಂಟಿಸಿ.

ನುಡಿ ಅಥವಾ ಬರಹದ ಹಳೆ ಫಾಂಟ್‌ನಲ್ಲಿ, ಯೂನಿಕೋಡ್ ಅಲ್ಲದೆ, ಟೈಪ್ ಮಾಡಿದ ಪತ್ರ ಲಿನಕ್ಸ್‌ನಲ್ಲಿ ಚಿತ್ರವಿಚಿತ್ರ ಇಂಗ್ಲಿಷ್ ಅಕ್ಷರಗಳಾಗಿ ತೆರೆದರೆ ‘ಸರ್ವರ್ ಫೈಲ್ ಕೆಡಿಸಿತು’ ಎಂಬ ಆಪಾದನೆ ಬರುತ್ತದೆ. ಸರ್ವರ್ ಏನೂ ಮಾಡಿಲ್ಲ. ಆ ಫಾಂಟ್ ಅಲ್ಲಿಲ್ಲ, ಅಷ್ಟೇ. ಯೂನಿಕೋಡ್‌ಗೆ ಪರಿವರ್ತಿಸಿ ಇಡಿ.

ಇನ್ನು ಲಿನಕ್ಸ್‌ನಲ್ಲಿ ಕೋಲನ್, ಪ್ರಶ್ನಾರ್ಥಕ, ಉದ್ಧರಣ ಚಿಹ್ನೆ ಇರುವ ಹೆಸರು ಕೊಡಬಹುದು, ವಿಂಡೋಸ್‌ನಲ್ಲಿ ಆಗದು. ಸರ್ವರ್‌ನಲ್ಲೇ ನೇರವಾಗಿ ಅಂಥ ಹೆಸರಿನ ಫೈಲ್ ಇಟ್ಟರೆ ವಿಂಡೋಸ್‌ಗೆ ಅದು ನಡುವೆ ಅಲೆಗೆರೆ ಇರುವ ಅರ್ಥವಿಲ್ಲದ ಎಂಟಕ್ಷರದ ಹೆಸರಾಗಿ ಕಾಣುತ್ತದೆ. ಇಂಗ್ಲಿಷ್ ಹೆಸರಿನಲ್ಲಿ ದೊಡ್ಡಕ್ಷರ ಸಣ್ಣಕ್ಷರ ಮಾತ್ರ ಬೇರೆಯಾದ ಎರಡು ಫೈಲ್ ಇದ್ದರೆ ವಿಂಡೋಸ್‌ಗೆ ತೆರೆಯಲು ಸಿಗುವುದು ಒಂದೇ.

ಗಡಿಯಾರ, ಕರೆಂಟ್, ಸಿಡಿಲು

ಒಂದೇ ಯಂತ್ರದಲ್ಲಿ ಎರಡೂ ವ್ಯವಸ್ಥೆ ಇದ್ದರೆ ಗಡಿಯಾರ ಐದೂವರೆ ಗಂಟೆ ತಪ್ಪುತ್ತದೆ. ಲಿನಕ್ಸ್ ಮದರ್‌ಬೋರ್ಡ್ ಗಡಿಯಾರಕ್ಕೆ ಯುಟಿಸಿ (ಅಂತಾರಾಷ್ಟ್ರೀಯ ಸಮಯ) ಬರೆಯುತ್ತದೆ, ವಿಂಡೋಸ್ ಅದನ್ನೇ ಭಾರತದ ಸಮಯವೆಂದು ಓದುತ್ತದೆ. ಟೈಮ್‌ಡೇಟ್‌ಸಿಟಿಎಲ್ ಮೂಲಕ ಲಿನಕ್ಸನ್ನೇ ಸ್ಥಳೀಯ ಸಮಯಕ್ಕೆ ಒಪ್ಪಿಸುವುದು ಸುಲಭ. ಸಣ್ಣ ಲ್ಯಾಬ್‌ನಲ್ಲಿ ಇದು ಬರೀ ಕಿರಿಕಿರಿ, ಡೊಮೇನ್ ಇದ್ದರೆ ಲಾಗಿನ್ನೇ ಆಗದು, ಡೊಮೇನ್ ಲಾಗಿನ್ ಪರೀಕ್ಷಿಸುವ ಕರ್ಬರೋಸ್ ಸಹಿಸುವುದು 5 ನಿಮಿಷದ ವ್ಯತ್ಯಾಸ ಮಾತ್ರ. ಡೊಮೇನ್‌ಗೆ ಹೋಗುವ ಯೋಚನೆ ಇದ್ದರೆ ಯಂತ್ರಗಳಲ್ಲಿರುವುದು ವಿಂಡೋಸ್ ಹೋಮ್ ಸಿಂಗಲ್ ಲ್ಯಾಂಗ್ವೇಜ್ ಅಲ್ಲವೆಂದು ಮೊದಲು ನೋಡಿ. ಹೋಮ್ ಆವೃತ್ತಿ ಡೊಮೇನ್ ಸೇರುವುದಿಲ್ಲ.

ಸರ್ವರ್‌ಗೆ ಯುಪಿಎಸ್ ಹಾಕಿ ಸ್ವಿಚ್ ಮರೆಯುವವರೇ ಹೆಚ್ಚು. ಕರೆಂಟ್ ಹೋದಾಗ ಸರ್ವರ್ ಬದುಕಿದ್ದರೂ ದಾರಿ ಕಡಿದುಹೋಗಿ ಅರ್ಧ ಬರೆದ ಫೈಲ್ ಉಳಿಯುತ್ತದೆ. ಮೇ ಕೊನೆಯ ಪತ್ತನಾಜೆಯ ಆಸುಪಾಸಿನ ಗುಡುಗು-ಸಿಡಿಲಿಗೆ ನೆಟ್‌ವರ್ಕ್ ಪೋರ್ಟ್‌ಗಳು ಸುಡುವುದು ಕರೆಂಟಿನ ದಾರಿಯಿಂದ ಮಾತ್ರ ಅಲ್ಲ, ಎರಡು ಕಟ್ಟಡಗಳ ನಡುವೆ ಎಳೆದ ತಾಮ್ರದ ಕೇಬಲ್‌ನಿಂದಲೂ ಹೌದು. ಕಟ್ಟಡದಿಂದ ಕಟ್ಟಡಕ್ಕೆ ಫೈಬರ್ ಎಳೆಯಿರಿ, ಎರಡು ಮೀಡಿಯಾ ಕನ್ವರ್ಟರ್‌ನ ಖರ್ಚು ಒಂದು ಸುಟ್ಟ ಸರ್ವರ್‌ಗಿಂತ ಕಡಿಮೆ.

ಅಳಿಸಿದ್ದು, ಉಳಿಸಿದ್ದು

ನೆಟ್‌ವರ್ಕ್ ಡ್ರೈವ್‌ನಿಂದ ಅಳಿಸಿದ ಫೈಲ್ ವಿಂಡೋಸ್‌ನ ರೀಸೈಕಲ್ ಬಿನ್‌ಗೆ ಬೀಳುವುದಿಲ್ಲ, ನೇರ ಹೋಗಿಬಿಡುತ್ತದೆ. ಸಾಂಬಾದ ರೀಸೈಕಲ್ ಮಾಡ್ಯೂಲನ್ನು ಹೋಮ್ಸ್ ವಿಭಾಗಕ್ಕೆ ಸೇರಿಸಿದರೆ ಚುಕ್ಕೆ ಹೆಸರಿನ ಒಂದು ಫೋಲ್ಡರ್‌ನಲ್ಲಿ ಉಳಿಯುತ್ತದೆ. 30 ದಿನ ಹಳೆಯದನ್ನು ಗುಡಿಸಲು ರಾತ್ರಿ ಒಂದು ಕ್ರಾನ್ (ಹೊತ್ತಿಗೆ ತಾನಾಗಿ ಓಡುವ ಕೆಲಸ) ಇಡಿ, ಆದರೆ ಮಾಡ್ಯೂಲ್‌ನ ‘ಟಚ್ ಎಂಟೈಮ್’ ಆನ್ ಮಾಡಿದ ಮೇಲೆ. ಇಲ್ಲದಿದ್ದರೆ ಫೈಲ್‌ನ ಹಳೆ ತಾರೀಕೇ ಉಳಿದು, ಕಳೆದ ವರ್ಷದ ಫೈಲನ್ನು ಇವತ್ತು ತಪ್ಪಿ ಅಳಿಸಿದರೆ ಇವತ್ತು ರಾತ್ರಿಯೇ ಗುಡಿಸಿಹೋಗುತ್ತದೆ. ಬುಟ್ಟಿಯಲ್ಲಿರುವುದೂ ಕೋಟಾಕ್ಕೆ ಸೇರುತ್ತದೆ ಎಂಬುದನ್ನು ಬಳಕೆದಾರರಿಗೆ ಹೇಳಿಡಿ.

ರೇಯ್ಡ್ ಬ್ಯಾಕಪ್ ಅಲ್ಲ. ರ್‍ಯಾನ್ಸಮ್‌ವೇರ್ ಹೊಕ್ಕ ವಿಂಡೋಸ್ ಯಂತ್ರ ಎಚ್ ಡ್ರೈವನ್ನೂ ಬಿಡದೆ ಎನ್‌ಕ್ರಿಪ್ಟ್ ಮಾಡುತ್ತದೆ, ರೇಯ್ಡ್ ಅದನ್ನು ಎರಡೂ ಡಿಸ್ಕ್‌ಗೆ ನಿಷ್ಠೆಯಿಂದ ಬರೆಯುತ್ತದೆ. ಎರಡು ಯುಎಸ್‌ಬಿ ಡಿಸ್ಕ್ ಇಟ್ಟು ವಾರಕ್ಕೊಂದರಂತೆ ಬದಲಿಸಿ, ನಕಲಾದ ಮೇಲೆ ಕಳಚಿ ಬೇರೆ ಕೋಣೆಯ ಕಪಾಟಿನಲ್ಲಿಡಿ, ಜೊತೆಗೆ ಸಿಲಿಕಾ ಜೆಲ್ ಪೊಟ್ಟಣ. ತಿಂಗಳಿಗೊಮ್ಮೆ ಯಾವುದಾದರೂ ಒಂದು ಫೈಲನ್ನು ಅದರಿಂದ ಮರಳಿ ತೆಗೆದು ತೆರೆದು ನೋಡಿ.

ವರ್ಷದ ಕೊನೆಗೆ ಬ್ಯಾಚ್ ಹೊರಟಾಗ ಖಾತೆಯನ್ನು ಕೂಡಲೇ ಅಳಿಸದೆ ಎಸ್‌ಎಂಬಿಪಾಸ್‌ಡಬ್ಲ್ಯೂಡಿಯ ‘-ಡಿ’ಯಿಂದ ನಿಷ್ಕ್ರಿಯ ಮಾಡಿ, ಫೋಲ್ಡರನ್ನು ಆರ್ಕೈವ್ ಮಾಡಿ, ಮೂರು ತಿಂಗಳ ಮೇಲೆ ತೆಗೆಯಿರಿ. ಹೋದವರ ಯುಐಡಿ ಸಂಖ್ಯೆಯನ್ನು ಹೊಸಬರಿಗೆ ಕೊಡಬೇಡಿ. ಹಳೆ ಬ್ಯಾಕಪ್ ಮರಳಿಸುವ ದಿನ ಆ ಫೈಲ್‌ಗಳೆಲ್ಲ ಹೊಸಬರ ಹೆಸರಿಗೆ ಬಂದು ಕೂರುತ್ತವೆ.